ಪರದೇಶದ ಕನ್ನಡ ಸಾಲಿ

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಮ್ಮ ಬಸವಕಲ್ಯಾಣ ಇನ್ನೂ ನಿಜಾಮರ ರಾಜ್ಯದಲ್ಲೇ ಇತ್ತು. ಸೊಲ್ಲಾಪುರ ಹಿಂದೂಸ್ತಾನದಲ್ಲಿತ್ತು, ಅಂದರೆ ನಮಗೆ ಪರದೇಶ. ನಡುವೆ ಗಡಿಯ ನಾಕಾ, ಅಲ್ಲಿ ಗಂಟು ಬಿಚ್ಚಿಸಿ ನೋಡುವ ಸಿಪಾಯಿಗಳು. ಹುಮನಾಬಾದಿನ ನನ್ನ ಗೆಳೆಯ, ಬಳೆಗಾರರ ಮನೆಯವನು, ಸೊಲ್ಲಾಪುರದಲ್ಲಿದ್ದ ಅಕ್ಕನ ಮನೆಗೆ ಹೊರಟಾಗ ನಾನೂ ಬಸ್ಸು ಹತ್ತಿದೆ. ಊರು ನೋಡಿ ಬರುತ್ತೇನೆಂದು ಅಪ್ಪನಿಗೆ ಹೇಳಿದ್ದೆ. ಮನಸ್ಸಿನಲ್ಲಿದ್ದದ್ದು ಬೇರೆ. ಅಲ್ಲಿ ಕನ್ನಡದಲ್ಲೇ ಕಲಿಸುವ ಶಾಲೆ ಇದೆಯಂತೆ. ಮೀಸೆ ಬಂದ ನನ್ನನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಕೇಳಬೇಕಿತ್ತು. ನಮ್ಮ ಕಡೆ ಶಾಲೆಯೆಂದರೆ ಉರ್ದು. ಸ್ವಲ್ಪ ಕಾಲ ಹೋಗಿ, ಬಿಟ್ಟು, ಅಪ್ಪನ ಎಣ್ಣೆ ಅಂಗಡಿಯಲ್ಲಿ ಕುಳಿತಿದ್ದೆ.

ಮರುದಿನ ಬೆಳಿಗ್ಗೆ ಅವನ ಅಕ್ಕನ ಮನೆಯಲ್ಲಿ, ಬಟ್ಟೆ ಗಿರಣಿಯ ಭೋಂಗಾ ಸೀಟಿಯಂತೆ ಕೂಗಿದ್ದಕ್ಕೆ ಹಾಸಿಗೆಯಿಂದ ಎದ್ದು ಕುಳಿತೆ. ಹೊರಗೆ ಇಡೀ ಬೀದಿಯೇ ನಡೆದು ಹೋಗುತ್ತಿತ್ತು, ಹೆಂಗಸರೂ ಬುತ್ತಿ ಹಿಡಿದು ಕೆಲಸಕ್ಕೆ. ಕೆರೆಯ ನಡುವಿನ ಗುಡಿಗೆ ಹೋದೆವು. ಹಿಂದೆ ನಮ್ಮ ಕಲ್ಯಾಣಕ್ಕೆ ಬಂದಿದ್ದ ಶರಣರ ಗುಡಿ ಅದು. ಮೆಟ್ಟಿಲ ಮೇಲೆ ಕುಳಿತು ನೀರಿನಲ್ಲಿ ಅದರ ನೆರಳು ನೋಡಿದೆ.

ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ ಕಾಲು ನಿಂತವು. ಬೋರ್ಡಿನ ಮೇಲೆ ಕನ್ನಡ. ನಮ್ಮೂರಲ್ಲಿ ಆ ಅಕ್ಷರ ಹಳೆಯ ಕಲ್ಲುಗಳ ಮೇಲಿತ್ತು, ಮಠದ ತಾಳೆಗರಿಯಲ್ಲಿತ್ತು. ಬಟ್ಟೆ ಮಾರುವುದಕ್ಕೂ ಅದನ್ನು ಬರೆಯಬಹುದೆಂದು ನನಗೆ ಗೊತ್ತಿರಲಿಲ್ಲ.

"ಹಿಂಗ್ಯಾಕ ನಿಂತಿಯೋ? ಅಂಗಡ್ಯಾವ ಕಳ್ಳ ಅಂತಾನ," ಎಂದ ಗೆಳೆಯ.

"ಕನ್ನಡ ಬರದಾರ ನೋಡೋ."

"ಅರೇ ಯಾರ್, ಬೋರ್ಡ್ ನೋಡಾಕ ನಾಕಾ ದಾಟಿ ಬಂದಿ ಏನು? ನಡಿ, ಗಿರಣಿ ಚಿಮಣಿ ನೋಡೂಣು."

"ಮೊದಲ ಸಾಲಿ."

"ಈ ಮೀಸಿ ನೋಡಿ ಮಾಸ್ತರ್ರೇ ನಿನಗ ಸಲಾಂ ಹೊಡೀತಾರ!"

ಶಾಲೆಯಲ್ಲಿ ಮಕ್ಕಳು ಒಟ್ಟಿಗೆ ಪಾಠ ಓದುತ್ತಿದ್ದರು. ನಮ್ಮವ್ವ ಒಲೆಯ ಮುಂದೆ ಆಡುವ ಮಾತು ಪುಸ್ತಕದಿಂದ ಬರುತ್ತಿತ್ತು. ಬಾಗಿಲ ಬಳಿ ಕಿವಿಗೊಟ್ಟು ನಿಂತೆ.

ಮಾಸ್ತರರು ಹೊರಗೆ ಬಂದು, "ಯಾರು ಬೇಕ್ರಿ?" ಎಂದರು. ಗೆಳೆಯ ನನ್ನ ಪಕ್ಕೆಗೆ ತಿವಿದ.

"ಕಲ್ಯಾಣದಾವ್ರಿ. ಸಾಲಿ ಕಲೀಬೇಕ್ರಿ," ಎಂದೆ.

ಅವರು ಒಂದನೇ ಪುಸ್ತಕ ಕೈಗಿಟ್ಟರು. ನಾನು ಅದನ್ನು ಹಿಂದಿನಿಂದ ತೆರೆದು, ಬಲಗಡೆಯಿಂದ ಬೆರಳಿಟ್ಟೆ. ಉರ್ದು ಪುಸ್ತಕ ಅಲ್ಲಿಂದಲೇ ಶುರುವಾಗುವುದು. ಮಕ್ಕಳು ಕಿಸಕ್ಕನೆ ನಕ್ಕರು. ಮುಗಿಯಿತು, ಇನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡೆ.

ಮಾಸ್ತರರು ಪುಸ್ತಕ ತಿರುಗಿಸಿ ಕೊಟ್ಟರು. "ಆ ಕಡೀಂದ ಓದಾಕ ಬಂದಾವಗ ಈ ಕಡೀಂದನೂ ಬರ್ತದ. ಕೂಡು."

"ಯಾವಾಗಿಂದ ಬರ್ಲಿರಿ?"

"ಈಗ ಬಂದೀಯಲ್ಲಪ್ಪಾ."

ಚಾಪೆಯ ಮೇಲೆ ಮಕ್ಕಳ ನಡುವೆ ಮೊಣಕಾಲು ಮಡಚಿ ಕುಳಿತೆ. ಮಾಸ್ತರರು ಬರೆಯಲು ಒಂದು ಪಾಟಿ ಕೊಟ್ಟರು. ಗೆಳೆಯ ಒಬ್ಬನೇ ಚಿಮಣಿ, ಕೋಟೆ ಎಲ್ಲ ನೋಡಿಕೊಂಡು ಸಂಜೆಗೆ ಬಂದ.

"ಬಸ್ಸಿನ ಹೊತ್ತಾತು. ಏಳೋ."

"ನಾ ಬರಂಗಿಲ್ಲ. ನಿಮ್ಮಕ್ಕನ ಮನ್ಯಾಗ ಇರ್ತೀನಿ."

"ಹುಚ್ಚ ಅದಿ ಏನು? ನಾಕಾ ಬಂದ್ ಆದ್ರ ಹ್ಯಾಂಗ ಬರ್ತಿ? ನಿಮ್ಮಪ್ಪಗ ಏನ್ ಹೇಳ್ಲಿ?"

"ಸಾಲಿ ಸಿಕ್ತು ಅಂತ ಹೇಳು."

ಅವನು ನನ್ನ ಪಾಟಿಯ ಮೇಲಿನ ಸೊಟ್ಟ 'ಅ'ವನ್ನು ಬಗ್ಗಿ ನೋಡಿದ. ಆಮೇಲೆ ಹೆಗಲ ಕಂಬಳಿ ತೆಗೆದು ನನ್ನ ತೊಡೆಯ ಮೇಲೆ ಹಾಕಿ, "ನಿಮ್ಮಪ್ಪ ನನ್ನ ಹಲ್ಲು ಮುರೀತಾನ ನೋಡು," ಎನ್ನುತ್ತಾ ಹೊರಟ.