ಕಟ್ಟಿಗೆಯ ಮಾವಿನಹಣ್ಣಿನ ಕಂದು ಚುಕ್ಕಿ

ಇಂಗ್ಲಿಷಿನಲ್ಲಿ ಬರೆಯುವ ಒಬ್ಬ ಲೇಖಕಿಯ ಪುಸ್ತಕಗಳನ್ನು ನಾನು ಹಿಂದಿನಿಂದ ಓದುತ್ತೇನೆ. ಕೊನೆಯ ಮೂವತ್ತು ನಲವತ್ತು ಪುಟಗಳಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದ ಟಿಪ್ಪಣಿಗಳಿರುತ್ತವೆ. ಈ ಮಾತು ಯಾವ ಪತ್ರದಲ್ಲಿತ್ತು, ಆ ಅಳತೆಯನ್ನು ಯಾರ ದಿನಚರಿಯಿಂದ ತೆಗೆದುಕೊಂಡದ್ದು, ಇದನ್ನು ಯಾವ ಊರಿನಲ್ಲಿ ಯಾರು ಹೇಳಿದರು, ಎಲ್ಲ ಅಲ್ಲಿರುತ್ತದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಸಿಸ್ಟರ್ ನಮ್ಮ ಉತ್ತರಗಳ ಬದಿಗೆ ಕೆಂಪು ಶಾಯಿಯಲ್ಲಿ ‘ಇದು ನಿನಗೆ ಹೇಗೆ ಗೊತ್ತು?’ ಎಂದು ಬರೆಯುತ್ತಿದ್ದರು. ಆ ಟಿಪ್ಪಣಿಗಳನ್ನು ನೋಡಿದಾಗಲೆಲ್ಲ ಆ ಕೆಂಪು ಶಾಯಿಗೆ ಯಾರೋ ಕೊನೆಗೂ ಉತ್ತರ ಕೊಟ್ಟಂತೆ ಅನಿಸುತ್ತಿತ್ತು.

ಆಕೆ ಕಥೆ ಕಾದಂಬರಿ ಬರೆಯುವವರಲ್ಲ. ಒಂದು ಸಾಮಾನ್ಯ ವಸ್ತುವನ್ನು ಹಿಡಿದು ಅದರ ಇತಿಹಾಸ, ಅದರ ಕಲೆ, ಅದರ ವಿಜ್ಞಾನ ಮೂರನ್ನೂ ಒಟ್ಟಿಗೆ ಹೇಳುತ್ತ ಹೋಗುತ್ತಾರೆ. ಒಂದು ಪುಸ್ತಕ ಪೂರ್ತಿ ಕನ್ನಡಿಯ ಮೇಲೆ. ಗಾಜಿನ ಬೆನ್ನಿಗೆ ಪಾದರಸ ಹಚ್ಚಿ ಹಚ್ಚಿ ಕೈ ನಡುಕ ಹತ್ತಿದ ಕೆಲಸಗಾರರು, ಅದರೆದುರು ಕೂತು ತಮ್ಮ ಮುಖವನ್ನೇ ಬರೆದುಕೊಂಡ ಚಿತ್ರಕಾರರು, ಅದನ್ನು ದೂರದರ್ಶಕದಲ್ಲಿಟ್ಟು ಆಕಾಶಕ್ಕೆ ತಿರುಗಿಸಿದವರು. ಇನ್ನೊಂದು ಬೂದಿಯ ಮೇಲೆ. ಅದನ್ನು ಓದುವಾಗ ಅತ್ತೆಯ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟಿದ್ದೆ. ಅತ್ತೆ ನೋಡಿ, “ಅದು ಹಣಿಗೆ ಹಚ್ಚೂದವ್ವಾ, ತೂಕಾ ಮಾಡೂದಲ್ಲ,” ಅಂದಿದ್ದರು.

ಆರು ವರ್ಷದ ಹಿಂದೆ, ಆಕೆ ಅಂಟಿನ ಮೇಲೆ ಪುಸ್ತಕ ಬರೆಯುತ್ತಿದ್ದಾರೆ ಎಂದು ಪೇಪರಿನಲ್ಲಿ ಓದಿ ನಾನೇ ಒಂದು ಪತ್ರ ಬರೆದೆ. ಮೂಡಲಗಿಯ ನನ್ನ ತವರುಮನೆಯ ಹಿಂದೆ ಕಂಬಳಿ ನೇಯುವವರ ಅಂಗಳವಿತ್ತು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದ ಅಂಟನ್ನು ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹಚ್ಚುತ್ತಿದ್ದರು. ಇದು ನನಗೆ ಹೇಗೆ ಗೊತ್ತೆಂದರೆ, ಆ ಅಂಟು ಮೆತ್ತಿದ ಲಂಗ ಉಟ್ಟು ಮನೆಗೆ ಹೋಗಿ ಅವ್ವನ ಕೈಲಿ ಪೆಟ್ಟು ತಿಂದಿದ್ದೇನೆ ಎಂದೂ ಬರೆದಿದ್ದೆ. ಹದಿನೈದು ದಿನಕ್ಕೆ ಉತ್ತರ ಬಂತು. ಎರಡು ತಿಂಗಳಿಗೆ ಆಕೆಯೇ ಪುಣೆಯ ಕಡೆಯಿಂದ ಕಾರಿನಲ್ಲಿ ಬಂದು, ಹತ್ತರಗಿಯ ಹತ್ತಿರ ಹೆದ್ದಾರಿ ಬಿಟ್ಟು, ಗೋಕಾಕದ ನಮ್ಮ ಮನೆಯ ಮುಂದೆ ಇಳಿದರು. ನೋಟ್‌ಬುಕ್ಕು, ಎರಡು ಪೆನ್ಸಿಲ್ಲು, ಕೈಯಲ್ಲಿ ಒಂದು ಭೂತಕನ್ನಡಿ. ಮೂಡಲಗಿ ನೋಡಿದ್ದಾಯಿತು. ಈ ಅಂಟನ್ನು ಇನ್ನೆಲ್ಲಿ ಬಳಸುತ್ತಾರೆ ಎಂದು ಕೇಳಿದಾಗ ನಾನು ಹಿಂದುಮುಂದು ನೋಡದೆ ಹಿಂದಿನ ಓಣಿಯ ಕಾಕಾ ಅವರ ಅಂಗಡಿಗೆ ಕರೆದುಕೊಂಡು ಹೋದೆ.

ಕಾಕಾ ಹಗುರ ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಯೆ ಕೆತ್ತಿ ಬಣ್ಣ ಹಚ್ಚುವವರು. ಅವರ ಬದನೆಕಾಯಿಯನ್ನು ನಮ್ಮ ಮನೆಯಲ್ಲಿ ಒಮ್ಮೆ ಹೊಸ ಕೆಲಸದಾಕೆ ತೊಳೆದು ಈಳಿಗೆಮಣೆಯವರೆಗೂ ಒಯ್ದಿದ್ದಳು. ಕೆತ್ತಿದ ಕಟ್ಟಿಗೆಗೆ ಹುಣಸೆಬೀಜದ ಅಂಟು, ಅದರ ಮೇಲೆ ಬಿಳಿ ಪುಡಿ, ಅದರ ಮೇಲೆ ಬಣ್ಣ. ಲೇಖಕಿಗೆ ಕನ್ನಡ ಬರುವುದಿಲ್ಲ, ಕಾಕಾಗೆ ಇಂಗ್ಲಿಷ್ ಬರುವುದಿಲ್ಲ. ನಡುವೆ ನಾನು.

ಆಕೆ ಒಂದು ಮಾವಿನಹಣ್ಣನ್ನು ಭೂತಕನ್ನಡಿಯಡಿ ತಿರುಗಿಸಿ ತಿರುಗಿಸಿ ನೋಡಿದರು. ಒಂದು ಮಗ್ಗುಲಲ್ಲಿ ಜೀರಿಗೆಯಷ್ಟು ಕಂದು ಚುಕ್ಕಿ. ಇನ್ನೊಂದು ಹಣ್ಣು ನೋಡಿದರು. ಅದರಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕಿ. ಯಾಕೆ ಎಂದು ಕೇಳಿದರು. ನಾನು ಕಾಕಾ ಅವರಿಗೆ ಕೇಳಿದೆ.

ಕಾಕಾ ಉಳಿಯಿಂದ ಕಣ್ಣು ತೆಗೆಯಲಿಲ್ಲ. “ಅದನ್ಯಾಕ ಕೇಳ್ತಾರ್ರಿ ಅಕ್ಕಾರ? ನಮ್ಮಪ್ಪ ಇಡ್ತಿದ್ದ, ನಾನೂ ಇಡ್ತೇನಿ. ತಗೊಳ್ಳೂದಿದ್ರ ತಗೋರಿ ಅಂತ ಹೇಳ್ರಿ.”

ಲೇಖಕಿಯ ಪೆನ್ಸಿಲ್ಲು ಹಾಳೆಯಿಂದ ಒಂದು ಅಂಗುಲ ಮೇಲೆ ನಿಂತಿತ್ತು. ಅಷ್ಟು ದೂರದಿಂದ ಬಂದವರು. ಮನೆಗೆ ಬಂದವರ ಮುಂದೆ ಖಾಲಿ ತಟ್ಟೆ ಇಟ್ಟಂತೆ ನನಗೆ ಸಂಕೋಚವಾಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: “ಉದುರಿದ ಹಣ್ಣಿನ ಮೇಲೆ ನೆಲದ ಗುರುತು ಇರಬೇಕು ಅಂತ ಇವರ ತಂದೆ ಹೇಳುತ್ತಿದ್ದರಂತೆ.”

ಪೆನ್ಸಿಲ್ಲು ಇಳಿಯಿತು. ಆಕೆ ಬರೆದುಕೊಂಡರು. ಬರೆದು ಕೆಳಗೆ ಎರಡು ಗೆರೆ ಎಳೆದರು. ಆ ಎರಡನೆಯ ಗೆರೆ ಎಳೆಯುವಾಗಲಾದರೂ ತಡೆಯಬಹುದಿತ್ತು. ಬದಲಿಗೆ ಮುಂದಿನ ಪ್ರಶ್ನೆ ಏನೆಂದು ಕೇಳಿದೆ.

ಮೂರು ವರ್ಷದ ಮೇಲೆ ಪುಸ್ತಕ ಬಂತು. ಎಂದಿನಂತೆ ಹಿಂದಿನಿಂದ ತೆರೆದೆ. ಅಲ್ಲಿತ್ತು: ‘ಗೋಕಾಕದ ಆಟಿಕೆ ಕುಶಲಕರ್ಮಿಯೊಡನೆ ಮಾತುಕತೆ, ಅದೇ ಊರಿನ ಗೃಹಿಣಿಯೊಬ್ಬರ ಅನುವಾದ.’ ನನ್ನ ಆ ವಾಕ್ಯ ಇಡೀ ಅಧ್ಯಾಯದ ಶೀರ್ಷಿಕೆಯಾಗಿತ್ತು. ಪುಸ್ತಕವನ್ನು ಗೋಡಂಬಿ ಡಬ್ಬಿಯ ಹಿಂದೆ ಇಟ್ಟೆ. ಮರುದಿನ ತೆಗೆದೆ. ಮತ್ತೆ ಇಟ್ಟೆ.

ಪುಸ್ತಕ ಓದಿದವರು ಒಬ್ಬೊಬ್ಬರಾಗಿ ಗೋಕಾಕಕ್ಕೆ ಬರತೊಡಗಿದರು. ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು, ಕಾಕಾ ಅಂಗಡಿಯ ಮುಂದೆ ನಿಂತು, “ನೀವೇ ಅಲ್ಲವೇ ಹಾಗೆ ಹೇಳಿದ್ದು?” ಎನ್ನುವರು. ಕಾಕಾ ಹೂಂ ಎನ್ನುವರು. ವ್ಯಾಪಾರ ಒಳ್ಳೆಯದಾಯಿತಲ್ಲ ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಸಂತೆಯಲ್ಲಿ ಕಾಕಾ ಅವರ ಸೊಸೆ ಸಿಕ್ಕಳು. ಮೆಂತ್ಯೆ ಸೊಪ್ಪಿನ ಸೂಡು ಆರಿಸುತ್ತ ತಗ್ಗಿದ ದನಿಯಲ್ಲಿ, “ಮಾವಾರಿಗೆ ಮರವು ಸುರು ಆಗೇತ್ರಿ ಅಕ್ಕಾರ. ಬೆಳಗಾವಿಗೆ ಡಾಕ್ಟರ್ ಹಂತೇಕ ಕರಕೊಂಡ ಹೋಗಿದ್ವಿ,” ಅಂದಳು.

“ಏನ್ ಮರೀತಾರ? ನನ್ನ ಜೋಡಿ ಛಲೋ ಮಾತಾಡ್ತಾರಲ್ಲ?”

“ನಮಗೂ ಏನೂ ಗೊತ್ತಾಗಿಲ್ರಿ. ಅವರೇ ಹೇಳ್ತಾರ. ಮಂದಿ ಬಂದು ನೀವು ಹಿಂಗ ಅಂದೀರಿ ಅಂತಾರಂತ. ಇವರಿಗೆ ಅಂದದ್ದ ನೆನಪಿಲ್ಲಂತ. ಅಪ್ಪನ ಮಾತ ಮರತೇನಿ ಅಂದ್ರ ಇನ್ನೇನ್ ಉಳೀತು ಅಂತ ಕುಂತ ಬಿಡ್ತಾರ.”

ನಾನು ಆರಿಸಿದ್ದ ಮೆಂತ್ಯೆ ಸೂಡು ಅಲ್ಲೇ ಬಿಟ್ಟು ಮನೆಗೆ ಬಂದೆ.

ಆಮೇಲೆ ನಾಲ್ಕು ಸಲ ಅವರ ಅಂಗಡಿಗೆ ಹೋದೆ, ಹೇಳಿಬಿಡಬೇಕೆಂದೇ. ನಾಲ್ಕು ಸಲವೂ ಏನೋ ಕೊಂಡುಕೊಂಡು ತಿರುಗಿ ಬಂದೆ. ನಮ್ಮ ಶೋಕೇಸಿನಲ್ಲಿ ಮೂರು ಮಾವಿನಹಣ್ಣು, ಒಂದು ಸೀತಾಫಲ ಸೇರಿದವು. ಕೊನೆಯ ಸಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಿರಾಕಿಗಳು ಹೇಳಿಹೋದ ಕೆಲಸವನ್ನೆಲ್ಲ ಕಾಕಾ ಬರೆದಿಟ್ಟದ್ದು ಕಂಡಿತು. ಮೊದಲು ಅವರು ಎಂದೂ ಬರೆದಿಟ್ಟವರಲ್ಲ.

ನಮ್ಮ ಯಜಮಾನರಿಗೆ ಹೇಳಿದೆ. ಅವರು ನಕ್ಕು, “ಛಲೋ ಮಾತ ಐತಿ ಬಿಡು. ಅದರಿಂದ ಯಾರಿಗೇನ್ ಲುಕ್ಸಾನ ಆಗೇತಿ?” ಅಂದರು. ಸೊಸೆ ಹೇಳಿದ್ದನ್ನು ಹೇಳಿದಾಗ ನಗು ನಿಂತಿತು. “ಹಂಗಾರ ಹೇಳ ಹೋಗು. ನನ್ನ ಮುಂದ ಹೇಳಿದ್ರ ಏನ್ ಉಪಯೋಗ?”

ಅಷ್ಟರಲ್ಲಿ ಲೇಖಕಿಯ ಫೋನ್ ಬಂತು. ಪುಸ್ತಕ ಎರಡನೆಯ ಸಲ ಅಚ್ಚಿಗೆ ಹೋಗುತ್ತಿದೆ. ಹುಕ್ಕೇರಿಯ ಒಂದು ಕಾಲೇಜಿನವರು ಮಾತಿಗೆ ಕರೆದಿದ್ದಾರೆ. ವೇದಿಕೆಯ ಮೇಲೆ ತಾವು ಪ್ರಶ್ನೆ ಕೇಳಿದಾಗ ಕಾಕಾ ತಮ್ಮ ಬಾಯಿಂದಲೇ ಆ ಮಾತು ಹೇಳಬೇಕು. ಅನುವಾದಕ್ಕೆ ನಾನೇ ಬೇಕು. ಆಗಲಿ ಅಂದೆ. ಫೋನ್ ಇಟ್ಟ ಮೇಲೆ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದೆ.

ಆ ದಿನ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಲೇಖಕಿ ಮುಂದೆ ಡ್ರೈವರನ ಪಕ್ಕದಲ್ಲಿ, ಹಿಂದೆ ಕಾಕಾ ಮತ್ತು ನಾನು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿದ್ದರು. ಕೈಚೀಲದಲ್ಲಿ ಒಂದು ಮಾವಿನಹಣ್ಣಿತ್ತು. ಘಟಪ್ರಭಾ ಹತ್ತಿರ ಬರುತ್ತಿದ್ದಂತೆ ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದರು. ಸೊಸೆಯ ಕೈಬರಹ. ಕಣ್ಣಿಗೆ ಹತ್ತಿರ ಹಿಡಿದು ತುಟಿ ಅಲುಗಿಸುತ್ತ ಓದಿದರು, ಕಣ್ಣು ಮುಚ್ಚಿದರು, ಮತ್ತೆ ಓದಿದರು. ಪರೀಕ್ಷೆಯ ದಿನ ಕಾನ್ವೆಂಟಿನ ಮೆಟ್ಟಿಲ ಮೇಲೆ ನಾವು ಓದುತ್ತಿದ್ದ ಹಾಗೆ.

“ಅಕ್ಕಾರ, ನೀವು ಅಲ್ಲೇ ಇದ್ರಲ್ಲ. ಇಷ್ಟ ಅಂದಿದ್ನೋ, ಮುಂದ ಇನ್ನೇನರ ಅಂದಿದ್ನೋ? ಮಂದ್ಯಾಗ ತಪ್ಪಿದ್ರ ಮಾನಾ ಹೋಗ್ತೈತಿ.”

“ಕಾರ್ ನಿಂದರಸ್ರಿ,” ಅಂದೆ.

ಧುಪದಾಳದ ಒಡ್ಡಿನ ಹತ್ತಿರ ಚಹಾದಂಗಡಿಯ ಮುಂದೆ ಕಾರು ನಿಂತಿತು. ಒಡ್ಡಿನ ಮೇಲಿಂದ ನೀರು ಒಂದೇ ಹಾಳೆಯಂತೆ ಬೀಳುತ್ತಿತ್ತು. ಕಾರಿನ ಬಾಗಿಲು ತೆರೆದಿಟ್ಟು, ಕಾಲು ಹೊರಗೆ ಇಳಿಬಿಟ್ಟುಕೊಂಡು, ಮೊದಲು ಕಾಕಾ ಅವರಿಗೇ ಹೇಳಿದೆ. ಅದು ನಿಮ್ಮ ಮಾತಲ್ಲ, ನಾನು ಕಟ್ಟಿ ಹೇಳಿದ್ದು ಎಂದೆ.

“ಅಂದ್ರ ನಾ ಅಂದಿಲ್ಲ?”

“ಇಲ್ಲ ಕಾಕಾ.”

“ಒಂದ ಅಕ್ಷರಾನೂ?”

“ಒಂದ ಅಕ್ಷರಾನೂ ಅಂದಿಲ್ಲ. ತಗೊಳ್ಳೂದಿದ್ರ ತಗೋರಿ ಅಂದ್ರಿ, ಅಷ್ಟ.”

ಅವರು ಚೀಟಿಯನ್ನು ಮಡಚಿದರು. ಮತ್ತೆ ಮಡಚಿದರು. ಉಗುರಿನಷ್ಟಾಯಿತು. “ಹಂಗಾರ ನನ್ನ ತಲಿ ನೆಟ್ಟಗ ಐತಿ,” ಎಂದು ತಮಗೆ ತಾವೇ ಅಂದುಕೊಂಡರು. ಮುಖ ಸಡಿಲಾಯಿತು. ಆಮೇಲೆ ಸಿಟ್ಟು ಬಂತು. “ಆ ಡಾಕ್ಟರ್ ನನಗ ಇವತ್ತ ಯಾವ ವಾರ ಅಂತ ಕೇಳ್ದಾರಿ! ನೂರರಾಗ ಏಳ ಕಳೀರಿ ಅಂದಾ. ಸೊಸಿ ಮುಂದ ಕುಂತ ಬೆರಳ ಎಣಿಸೇನಿ, ನಿಮ್ಮ ಸಲುವಾಗಿ. ಒಂದ ಮಾತ ಹೇಳಿದ್ರ ಏನಾಗ್ತಿತ್ರಿ ನಿಮಗ? ನಾಕ ಸಲ ಬಂದ ಹಣ್ಣ ತಗೊಂಡ ಹೋದ್ರಿ!”

“ಹೇಳಾಕಂತನ ಬಂದಿದ್ದೆ ಕಾಕಾ.”

“ಹೇಳಾಕ ಬಂದವರು ಚೌಕಾಶಿ ಮಾಡ್ತಾರೇನ್ರಿ?”

ಲೇಖಕಿ ಮುಂದಿನ ಸೀಟಿನಿಂದ ತಿರುಗಿ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಅವರಿಗೂ ಹೇಳಿದೆ. ಕ್ಷಮೆ ಕೇಳುವಾಗ ನನ್ನ ಇಂಗ್ಲಿಷ್ ಶಾಲೆಯ ಹುಡುಗಿಯ ಇಂಗ್ಲಿಷ್ ಆಗಿಬಿಟ್ಟಿತ್ತು. ಆಕೆ ಇಳಿದು ಒಡ್ಡಿನ ಕಡೆಗೆ ನಡೆದರು. ಬೆನ್ನು ಮಾತ್ರ ಕಾಣುತ್ತಿತ್ತು. ಚಹಾದಂಗಡಿಯವನು ಮೂರು ಕಪ್ಪು ತಂದಿಟ್ಟ. ಒಂದು ಆರಿ ಕೆನೆಗಟ್ಟಿತು.

ಹಿಂತಿರುಗಿ ಬಂದವರು ಕೇಳಿದ್ದು ಎರಡೇ ಪ್ರಶ್ನೆ. ಮೊದಲನೆಯದು ಕಾಕಾ ಅವರಿಗೆ: ಹಾಗಾದರೆ ಆ ಚುಕ್ಕಿ ಯಾಕೆ?

ಕಾಕಾ ಚೀಲದಿಂದ ಹಣ್ಣು ತೆಗೆದು ಚುಕ್ಕಿಯ ಮೇಲೆ ಹೆಬ್ಬೆರಳಿಟ್ಟರು. “ಮೊಳಿ ತೂತ್ರಿ ಇದು. ಬಣ್ಣ ಒಣಗೂ ಮಟಾ ಹಣ್ಣ ಮೊಳಿಗೆ ಚುಚ್ಚಿ ನಿಂದರಸ್ತೇವಿ, ಮಾಳಗಿ ಮ್ಯಾಲ, ಬಿಸಲಾಗ. ತೊಟ್ಟಿನ ಹಂತೇಕ ಚುಚ್ಚಿದ್ರ ತೊಟ್ಟ ಅಲಗಾಡ್ತೈತಿ, ಅದಕ ಬಾಜೂಕ. ಒಣಗಿದ ಮ್ಯಾಲ ಮೊಳಿ ಕಿತ್ತು, ತೂತಿಗೆ ಅಂಟ ತುಂಬಿ, ಮ್ಯಾಲೊಂದ ಚುಕ್ಕಿ. ತೂತ ಐತಿ ಅಂತ ಹೇಳಿದ್ರ ಯಾರ ತಗೊಂತಾರ್ರಿ? ಅದಕ ಅವತ್ತ ಹೇಳ್ಲಿಲ್ಲ.”

ಇದನ್ನು ಶಬ್ದಕ್ಕೆ ಶಬ್ದ ಹೇಳಿದೆ. ಆಕೆ ಹಣ್ಣನ್ನು ಭೂತಕನ್ನಡಿಯಡಿ ಬಹಳ ಹೊತ್ತು ಹಿಡಿದಿದ್ದರು.

ಎರಡನೆಯ ಪ್ರಶ್ನೆ ನನಗೆ. ಚೀಲದಿಂದ ಪುಸ್ತಕ ತೆಗೆದು ಆ ಅಧ್ಯಾಯ ತೆರೆದು, ಪೆನ್ಸಿಲ್ಲಿನ ಜೊತೆ ನನ್ನ ಕೈಗಿಟ್ಟರು. “ಇದರಲ್ಲಿ ಇನ್ನೂ ಯಾವ ಯಾವ ಮಾತು ನಿಮ್ಮದು?”

ಧುಪದಾಳದಿಂದ ಹುಕ್ಕೇರಿಯವರೆಗೆ ನಾನು ರಸ್ತೆ ನೋಡಲಿಲ್ಲ. ಕಾರು ಕುಲುಕಿದಾಗಲೆಲ್ಲ ಪೆನ್ಸಿಲ್ಲು ಜಾರುತ್ತಿತ್ತು. ಬೆಳದಿಂಗಳಲ್ಲಿ ಬಣ್ಣ ಹಚ್ಚಬಾರದು ಎಂಬುದು ಕಾಕಾ ಅವರದೇ. ‘ಬಣ್ಣ ನಮ್ಮ ಮನೆತನದ ಉಸಿರು’ ನನ್ನದು. ಅವರು ಅಂದದ್ದು ‘ಬ್ಯಾರೆ ಕೆಲಸ ಬರಂಗಿಲ್ಲ’ ಎಂದು. ಗೆರೆ ಎಳೆದೆ. ಒಂದು ಸಾಲಿನ ಹತ್ತಿರ ಮಾತ್ರ ನಿಂತೆ. ಎಷ್ಟು ಯೋಚಿಸಿದರೂ ಅದು ಯಾರದೆಂದು ನನಗೇ ತಿಳಿಯಲಿಲ್ಲ. ಮರೆವು ಎಂದರೆ ಹೇಗಿರುತ್ತದೆಂದು ಆ ಹೊತ್ತಿನಲ್ಲಿ ನನಗೆ ಗೊತ್ತಾಯಿತು.

“ಕಾಕಾ, ಅಂಟು ಬೆಂದದ್ದು ನಿಮ್ಮಪ್ಪಾರಿಗೆ ವಾಸನೀಲೆ ತಿಳೀತಿತ್ತು ಅಂತ ಐತಿ. ಇದು ನಿಮ್ಮದೋ ನಂದೋ?”

“ನಂದ. ಬಾಜೂ ಮನ್ಯಾಗ ಕುಂತೂ ಹೇಳ್ತಿದ್ದಾ, ಒಲಿ ಆರಸ್ರಿ ಅಂತ.” ಕಿಟಕಿಯಾಚೆ ನೋಡುತ್ತ, “ಅದನ್ನೂ ಕಸಗೊಂಡಿದ್ರಿ ಅಂದ್ರ ನಾ ಇಲ್ಲೇ ಇಳೀತಿದ್ದೆ,” ಅಂದರು.

ಒಟ್ಟು ಐದು ಕಡೆ ಗೆರೆ ಬಿತ್ತು. ಲೇಖಕಿ ಪುಸ್ತಕ ತೆಗೆದುಕೊಂಡು ಎಣಿಸಿದರು. ಕಾರು ಹುಕ್ಕೇರಿಯ ಹಳೆಯ ಗುಮ್ಮಟ ದಾಟಿತು. ಅಚ್ಚು ನಿಲ್ಲಿಸಿ ಎಂದು ಫೋನಿನಲ್ಲಿ ಯಾರಿಗೋ ಹೇಳಿದರು. ನನ್ನ ಕಡೆ ತಿರುಗಿ, “ಇವತ್ತು ಅನುವಾದಕ್ಕೆ ಬೇರೆ ಯಾರಾದರೂ ಸಿಗುತ್ತಾರೋ ಏನೋ,” ಅಂದರು. ಆಕೆ ಏನಂದರೆಂದು ಕಾಕಾ ಕೇಳಿದರು. ಹೇಳಿದೆ.

“ಏ, ಇವರೇ ಇರಲಿ ಅಂತ ಹೇಳ್ರಿ. ತಪ್ಪ ಮಾಡಿದವರೇ ತಿದ್ದಲಿ.”

ಕಾಲೇಜಿನ ಸಭಾಂಗಣ ತುಂಬಿತ್ತು. ಅಲ್ಲಿದ್ದವರಿಗೆಲ್ಲ ಕನ್ನಡ ಬರುತ್ತದೆ, ಬಹಳ ಮಂದಿಗೆ ಇಂಗ್ಲಿಷೂ ಬರುತ್ತದೆ. ನಾನು ಏನು ಬಿಟ್ಟರೂ ಎಲ್ಲರಿಗೂ ಕಾಣುತ್ತದೆ. ಲೇಖಕಿ ಹಣ್ಣು ಎತ್ತಿ ತೋರಿಸಿ ಚುಕ್ಕಿಯ ಪ್ರಶ್ನೆ ಕೇಳಿದರು. ಕಾಕಾ ಮೈಕಿಗೆ ಬಾಯಿ ತಾಗಿಸಿಕೊಂಡೇ ಮಾತಾಡಿದರು.

“ಇದು ಮೊಳಿ ತೂತ. ಮುಚ್ಚಾಕ ಚುಕ್ಕಿ ಇಡ್ತೇವಿ. ನಮ್ಮಪ್ಪ ಶಾಣ್ಯಾ ಮನಷ್ಯಾ, ಖರೆ, ಆದ್ರ ಪುಸ್ತಕದಾಗ ಬರದಂಗ ಮಾತಾಡಂವ ಅಲ್ಲ. ಆ ಮಾತ ಈ ಅಕ್ಕಾರದು. ಮಂದೀನ ಖಾಲಿ ಕೈಲೆ ಕಳಸಾಕ ಬರಂಗಿಲ್ಲ ಇವರಿಗೆ. ದೊಡ್ಡ ಸುಳ್ಳಬುರುಕಿ ಅದಾರ. ಆದ್ರ ಚಾ ಛಲೋ ಮಾಡ್ತಾರ.”

ಸಭೆ ನಕ್ಕಿತು. ಆಮೇಲೆ ನನ್ನನ್ನೇ ನೋಡಿತು. ಮೈಕಿನ ದಂಡ ತಣ್ಣಗಿತ್ತು. ಮೊಳೆ, ತೂತು, ತಂದೆ, ಖಾಲಿ ಕೈ, ಸುಳ್ಳಬುರುಕಿ, ಚಹಾ, ಎಲ್ಲವನ್ನೂ ಅವರು ಹೇಳಿದ ಸಾಲಿನಲ್ಲೇ ಇಂಗ್ಲಿಷಿಗೆ ತಂದೆ. ‘ದೊಡ್ಡ’ ಎಂಬುದನ್ನೂ ಬಿಡಲಿಲ್ಲ. ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು.

ಲೇಖಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋಗಿ ಕೊನೆಯಲ್ಲಿ ನಿಂತರು. ಪೆನ್ಸಿಲ್ಲು ಹಾಳೆಯಿಂದ ಒಂದು ಅಂಗುಲ ಮೇಲೆ. ನನ್ನ ಕಡೆ ಬಾಗಿ, ಮೈಕಿಗೆ ಕೇಳದ ಹಾಗೆ ಕೇಳಿದರು:

“ಚಹಾದ ಮಾತು ಅವರದೋ, ನಿಮ್ಮದೋ?”