ಕೇಳದೆ ಮಾತ್ರೆ ಕೊಡದ ಆಂಟಿ

ಮಾತ್ರೆಯ ಶೀಟುಗಳನ್ನು ಕತ್ತರಿಸಿ ಕತ್ತರಿಸಿ ಅವರ ಬಲಗೈ ಹೆಬ್ಬೆರಳಿನ ಬುಡ ದಡ್ಡುಗಟ್ಟಿತ್ತು. ವಿಜಯನಗರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಅವರ ಮೆಡಿಕಲ್ ಶಾಪು. ಬೀದಿಗೆಲ್ಲ ಅವರು ಆಂಟಿ. ಯಾರು ಬಂದರೂ ಮೊದಲು “ಊಟ ಆಯ್ತಾ?” ಎಂದು ಕೇಳಿ, ಆಮೇಲೆ ಚೀಟಿಗೆ ಕೈ ಚಾಚುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆ ಹಾರಿಹೋಯಿತು. ಡಾಕ್ಟರು ಹತ್ತು ದಿನಕ್ಕೆಂದು ಬರೆದ ನಿದ್ದೆ ಮಾತ್ರೆ ಎರಡು ವರ್ಷವಾದರೂ ನನ್ನನ್ನು ಬಿಡಲಿಲ್ಲ. ಒಂದೇ ಅಂಗಡಿಯಲ್ಲಿ ಕೇಳಿದರೆ ಅನುಮಾನ ಬರುತ್ತದೆಂದು ಅತ್ತಿಗುಪ್ಪೆ, ನಾಯಂಡಹಳ್ಳಿ ಸುತ್ತುತ್ತಿದ್ದೆ. ಮಾತ್ರೆ ಮುಗಿದರೆ ಏನು ಗತಿ ಎಂಬುದೇ ಬೆಳಗಿನಿಂದ ಸಂಜೆಯವರೆಗಿನ ಯೋಚನೆ. ನೆಂಟರ ಮನೆಗೆ ಹೋಗುವುದನ್ನೂ ಬಿಟ್ಟೆ. ಮಗಳು ಎರಡು ಸಲ ಕರೆದರೂ ನನಗೆ ಕೇಳಿಸುತ್ತಿರಲಿಲ್ಲ. ಆಗ ಅವಳ ಮುಖ ನೋಡಿ ನಾಚಿಕೆ, ಆ ನಾಚಿಕೆ ಮರೆಯಲು ಇನ್ನೊಂದು ಮಾತ್ರೆ.

ಒಂದು ಮಧ್ಯಾಹ್ನ ಚೀಟಿಯಲ್ಲಿದ್ದ ಹತ್ತನ್ನು ಪೆನ್ನಿನಿಂದ ನಲವತ್ತು ಮಾಡಿಕೊಂಡು ಆಂಟಿಯ ಬಳಿಗೇ ಹೋದೆ. ಅವರು ಕನ್ನಡಕ ಏರಿಸಿ ನೋಡಿ ಚೀಟಿಯನ್ನು ಪಕ್ಕಕ್ಕಿಟ್ಟರು. ಇದ್ದ ಇಬ್ಬರು ಗಿರಾಕಿಗಳು ಹೋಗುವವರೆಗೆ ನಾನು ಕೌಂಟರಿನ ಪಕ್ಕ ನಿಂತಿದ್ದೆ.

“ಇದು ಡಾಕ್ಟ್ರು ಬರ್ದಿದ್ದಲ್ಲ ಕಣಮ್ಮ. ಒಳಗ್ ಬಾ, ಕೂತ್ಕೋ.”

ಮನೆಯಲ್ಲಿ ಹೇಳಬೇಡಿ, ಇವತ್ತೇ ಬಿಟ್ಟುಬಿಡುತ್ತೇನೆ ಎಂದು ಅಳತೊಡಗಿದೆ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಡಾಕ್ಟರೇ ನಿಧಾನವಾಗಿ ಇಳಿಸಬೇಕು ಎಂದರು. ಆಮೇಲೆ ಮೆಲ್ಲಗೆ ಹೇಳಿದರು: “ಹಿಂದೆ ಒಬ್ರಿಗೆ ಏನೂ ಕೇಳ್ದೆ ಈ ಮಾತ್ರೆ ಕೊಟ್ಬಿಟ್ಟಿದ್ದೆ. ಅವ್ರು ಉಳೀಲಿಲ್ಲ. ಅವ್ರ ಮನೆ ಮುಂದೆ ಹೋಗೋಕೆ ನಂಗೆ ಈಗ್ಲೂ ಆಗಲ್ಲ. ನಿಮ್ಮನೇಲಿ ನಾನ್ ಹೇಳಲ್ಲ, ನೀನೇ ಹೇಳು. ಒಬ್ಳೇ ಎಷ್ಟ್ ದಿನ ಹೆದರ್ಕೊಂಡಿರ್ತೀಯ?”

ಶಟರ್ ಎಳೆದು, ಆಟೋ ಹಿಡಿದು, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಸಂಜೆ ಗಂಡನಿಗೆ ನಾನೇ ಹೇಳಿದೆ.

ಮಾತ್ರೆ ಪೂರ್ತಿ ಬಿಡಲು ಏಳು ತಿಂಗಳು ಹಿಡಿಯಿತು. ಅದಕ್ಕಿಂತ ಕಷ್ಟವಾಗಿದ್ದು ಮನೆಯವರ ಕಣ್ಣು; ನಾನು ಆಕಳಿಸಿದರೂ ಮುಖವನ್ನೇ ನೋಡುತ್ತಿದ್ದರು. ಆಂಟಿಯ ಹತ್ತಿರ ಹೇಳಿಕೊಂಡರೆ, ನೋಡಲಿ ಬಿಡು, ನೋಡುವವರು ಇದ್ದಾರಲ್ಲ ಎಂದರು.

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆ ಮುಗಿಸಿ ಬಂದ ನನಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಮಾತ್ರೆ ಇಲ್ಲವೆಂದು ಗೊತ್ತಿದ್ದೂ ಬೀರು ತೆರೆದು ತಡಕಿದೆ. ಆಮೇಲೆ ಹಾಲಿಗೆ ಬಂದು ಗಂಡನಿಗೆ, “ರೀ, ನಂಗೆ ಭಯ ಆಗ್ತಿದೆ, ಪಕ್ಕದಲ್ಲಿ ಕೂತ್ಕೊಳ್ಳಿ” ಎಂದೆ.

ಎದೆಬಡಿತ ಇಳಿಯಲು ಒಂದು ಗಂಟೆಯಾಯಿತು. ಅಷ್ಟು ಹೊತ್ತೂ ಅವರು ಎದ್ದು ಹೋಗಲಿಲ್ಲ. ಆ ಒಂದು ಗಂಟೆ ಆಂಟಿಯ ಋಣ.