ಕೌದಿಯ ನಾಲ್ಕನೇ ಮೂಲೆ

ಊರೂರು ತಿರುಗುವವರಿಗೆ ಬೇಕಾದ ಗುಣ ನನ್ನಲ್ಲಿ ಒಂದೂ ಇರಲಿಲ್ಲ. ಮೋಡ ಕಂಡರೆ ಚಿಂತೆ, ಕಾಣದಿದ್ದರೂ ಚಿಂತೆ. ಅರ್ಧ ದಾರಿ ನಡೆದ ಮೇಲೆ ಒಲೆ ಆರಿಸಿ ಬಂದೆನೋ ಇಲ್ಲವೋ ಎಂದು ನಿಂತುಬಿಡುತ್ತಿದ್ದೆ. ಒಲೆಯೇ ಇಲ್ಲದವಳಿಗೆ ಅದರ ಚಿಂತೆ ಎಲ್ಲಿಂದ ಬರುತ್ತಿತ್ತೋ! ಈಗ ನಡುವಯಸ್ಸು, ಚಿಂತೆ ಹೋಗಿಲ್ಲ, ತಿರುಗಾಟ ಬಿಟ್ಟಿಲ್ಲ.

ರಜಾಕಾರರ ಗದ್ದಲದಲ್ಲಿ ನಾವು ಔರಾದ ಬಿಟ್ಟು ನಿಜಾಮರ ಸರಹದ್ದಿನಾಚೆಗೆ ಓಡಿದ್ದೆವು. ಅಲ್ಲಿಯ ಶಿಬಿರದಲ್ಲಿ ಹತ್ತಾರು ಮನೆಯ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿದೆವು, ಬೈದಾಡಿದೆವು, ನಕ್ಕೆವು. ಗಂಡ ಸತ್ತ ಮೇಲೆ ನಾನು ಬಾಯಿಬಿಟ್ಟು ನಕ್ಕದ್ದು ಅಲ್ಲಿಯೇ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳಿಕೆ ಮುಗಿಯಿತು. ಎಲ್ಲರೂ ಊರಿಗೆ ಮರಳಿ ತಂತಮ್ಮ ಕದ ಹಾಕಿಕೊಂಡರು. ಅಣ್ಣನ ಮನೆಯಲ್ಲಿ ಕೂತು ಆ ಕೆಟ್ಟ ಕಾಲಕ್ಕಾಗಿ ಹಂಬಲಿಸುತ್ತಿದ್ದವಳು ನಾನೊಬ್ಬಳೇ. ಇದನ್ನು ಯಾರ ಮುಂದೆ ಹೇಳುವುದು?

ಮರುವರ್ಷ ನಮ್ಮ ಓಣಿಗೆ ಕೌದಿ ಹೊಲಿಯುವ ಇಬ್ಬರು ಬಂದರು. ಬೀದರದ ಮುಸಲ್ಮಾನ ಮುದುಕಿಯನ್ನು ಎಲ್ಲರೂ ಖಾಲಾ ಎನ್ನುತ್ತಿದ್ದರು. ಪೊಲೀಸ್ ಆಕ್ಷನ್ನಿನ ಬೆನ್ನಿಗೆ ಎದ್ದ ಗಲಭೆಯಲ್ಲಿ ಅವರ ಮನೆಯ ಗಂಡಸರು ಯಾರೂ ಉಳಿದಿರಲಿಲ್ಲ. ಅದನ್ನು ಅವರು ಹೇಳುತ್ತಿರಲಿಲ್ಲ. ನಾವು ಯಾರಿಗೆ ಹೆದರಿ ಓಡಿದ್ದೆವೆಂದು ನಾನೂ ಹೇಳಲಿಲ್ಲ. ಇನ್ನೊಬ್ಬಳು ಕಮಲನಗರದ ಅಕ್ಕ, ಮರಾಠಿಯಲ್ಲಿ ಬೈದು ಕನ್ನಡದಲ್ಲಿ ರಮಿಸುವವಳು. ಸೂಜಿಗೆ ದಾರ ಪೋಣಿಸಿಕೊಡಲು ಕೂತ ನಾನು, ಅವರು ಹೊರಟ ದಿನ ಅವರ ಹಿಂದೆಯೇ ಹೊರಟೆ.

ಭಾತಂಬ್ರಾದ ಒಂದು ಅಂಗಳದಲ್ಲಿ ಹೊಲಿಯುತ್ತಿದ್ದಾಗ ಅಣ್ಣ ಬಂದ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಅಂಚಿನಿಂದ ಒಳಕ್ಕೆ ಹೊಲಿಯುತ್ತಿದ್ದೆವು.

"ನಡಿ ಮನಿಗಿ," ಅಂದ. "ಮಂದಿ ಕೇಳಿದ್ರ ಏನ್ ಹೇಳ್ಲಿ? ತಂಗಿ ಚಿಂದಿ ಹೊಲಕೋತ ಊರೂರು ತಿರಗಲತ್ತಾಳ ಅನ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಖಾಲಾ ಅಂದರು: "ಅಣ್ಣಾರ, ಜಗಳ ಆಮ್ಯಾಗ ಮಾಡ್ರಿ. ಜರಾ ಈ ಮೂಲಿ ಮ್ಯಾಲ ಕುಂದರ್ರಿ. ಗಾಳಿಗಿ ಹಾರಲತ್ತದ, ಕಲ್ಲು ಮೂರೇ ಸಿಕ್ಕಾವ."

ಅಣ್ಣ ಕೂತೇಬಿಟ್ಟ. ಕೂತ ಮೇಲೆ ಏಳುವುದು ಹೇಗೆ?

"ಏ ದಾದಾ, ಹಂದಾಡಬ್ಯಾಡ್ರಿ!" ಎಂದಳು ಅಕ್ಕ. "ಸೊಟ್ಟ ಆದ್ರ ಬಿಚ್ಚೋರು ಯಾರು, ನೀವಾ?"

ಅವನು ಕೂತಲ್ಲಿಂದಲೇ ಬೈದ. ಆದರೆ ಕೌದಿಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವನ ಸಿಟ್ಟು ಎಷ್ಟು ಹೊತ್ತು ನಿಂತೀತು? ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಕತ್ತರಿ ಎತ್ತಿಕೊಡುತ್ತಿದ್ದ.

ನಾನು ಧೈರ್ಯ ಮಾಡಿದೆ. ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಾದ ಮೇಲೆ. "ಅಣ್ಣಾ, ಮನಿಗಿ ಬರ್ತೀನಿ. ಇರ್ಲಿಕ್ಕಲ್ಲ, ಕೌದಿ ಹೊಲಿಲಿಕ್ಕ. ಮೂವರೂ ಬರ್ತೀವಿ. ಮೂವರೂ ಒಂದೇ ಕಡಿ ಉಣ್ತೀವಿ."

ಅಣ್ಣ ಖಾಲಾರ ಕಡೆ ನೋಡಿದ. ನೆಲ ನೋಡಿದ. "ನಿನ್ನ ವೈನಿಗಿ ಕೇಳಬೇಕು," ಎಂದು ಹೆಂಡತಿಯ ಮೇಲೆ ಹಾಕಿದ.

"ವೈನಿ ಒಲ್ಲೆ ಅಂದ್ರ?"

"ಮದ್ಲ ಬರ್ರಿ. ಬಂದ ಮ್ಯಾಲ ಅಕಿ ಏನಂತಾಳ ನೋಡಮಿ."

ಔರಾದದವರೆಗೆ ನನ್ನ ಚಿಂತೆಗೆ ಬಿಡುವಿರಲಿಲ್ಲ. ವೈನಿ ಬೇಡ ಎನ್ನಲಿಲ್ಲ. ಪಡಸಾಲೆಯಲ್ಲಿ ಮೂರು ತಾಟು ಇಟ್ಟಳು. ಅಡುಗೆಮನೆಯ ಒಳಗೂ ಅಲ್ಲ, ಬೀದಿಯಲ್ಲೂ ಅಲ್ಲ. ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಖಾಲಾ "ಇಲ್ಲಿ ಗಾಳಿ ಛಲೋ ಬರ್ತದ, ಬೇಟಿ" ಎಂದು ಕೂತುಬಿಟ್ಟರು. ತುಸು ಹೊತ್ತಿಗೆ ಅಣ್ಣ ತನ್ನ ತಾಟು ಹಿಡಿದು ಒಳಗಿನಿಂದ ಬಂದು ನಮ್ಮ ಸಾಲಿನಲ್ಲಿ ಕೂತ.

"ಪಲ್ಯಾಕ್ಕ ಉಪ್ಪು ಕಮ್ಮಿ ಆಗ್ಯಾದ!" ಎಂದು ಒಳಗೆ ಕೂಗಿದ, ದಿನವೂ ಅಲ್ಲಿಯೇ ಉಣ್ಣುವವನಂತೆ.

ಕೌದಿ ಮುಗಿದು ನಾವು ಹೊರಟಾಗ ಅವನು ನನ್ನನ್ನು ಇರು ಎನ್ನಲಿಲ್ಲ. ಊರ ಹೊರಗಿನ ತನಕ ಬಂದು, "ಮುಂದ ಎಲ್ಲಿಗಿ?" ಎಂದ.

"ಭಾಲ್ಕಿಗಿ," ಎಂದಳು ಅಕ್ಕ.

ಭಾಲ್ಕಿಯಲ್ಲಿ ಯಾರ ಯಾರ ಮನೆಯಲ್ಲಿ ಹಳೆಯ ಸೀರೆಗಳು ಬಿದ್ದಿವೆ ಎಂದು ಅಣ್ಣ ಅಲ್ಲಿಯೇ ನಿಂತು ಹೇಳತೊಡಗಿದ.